ಎರಡನೇ ದಾರಿ ಇದ್ದರಷ್ಟೇ ಇಂಟರ್ನೆಟ್ ಲಾಭ

2024ರ ಫೆಬ್ರುವರಿಯಲ್ಲಿ ಚನ್ನರಾಯಪಟ್ಟಣ, ಅರಸೀಕೆರೆ, ತಿಪಟೂರು ಸೀಮೆಯ ತೆಂಗು ಬೆಳೆಗಾರರು ನಾಫೆಡ್ ಕೊಬ್ಬರಿ ಖರೀದಿಗೆ ಹೆಸರು ಬರೆಸಲು ನೋಂದಣಿ ಕೇಂದ್ರಗಳ ಮುಂದೆ ರಾತ್ರಿಯಿಡೀ ಸಾಲುಗಟ್ಟಿ ಕಾದರು. ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಬೆಲೆ ಕುಸಿದಿತ್ತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ಅದರ ಮೇಲೆ ರಾಜ್ಯ ಸರ್ಕಾರ ಘೋಷಿಸಿದ್ದು 1,500 ರೂಪಾಯಿ. ಆದರೆ ಇಡೀ ರಾಜ್ಯಕ್ಕೆ ಸಿಕ್ಕ ಖರೀದಿ ಮಿತಿ 62,500 ಟನ್ ಮಾತ್ರ. ನೋಂದಣಿಯೆಲ್ಲ ಆನ್‌ಲೈನ್: ಆಧಾರ್, ರೈತ ನೋಂದಣಿಯ ಫ್ರೂಟ್ಸ್ ಐಡಿ, ಅದರೊಳಗೆ ದಾಖಲಾದ ಬೆಳೆಯ ವಿವರ ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಕೆಲವೇ ದಿನಗಳಲ್ಲಿ ಮಿತಿ ತುಂಬಿಹೋಯಿತು. ಸಾಲಿನಲ್ಲಿ ನಿಂತವರಿಗೆ ಸಿಗದ ಅವಕಾಶ ಬೇರೆ ಯಾರಿಗೋ ಸಿಕ್ಕಿದೆ ಎಂಬ ದೂರುಗಳು ಎದ್ದವು. ಕೊನೆಗೆ ಸರ್ಕಾರ ಆ ನೋಂದಣಿಯನ್ನೇ ರದ್ದು ಮಾಡಿ, ಮಾರ್ಚ್‌ನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಇಲ್ಲಿ ಇಂಟರ್ನೆಟ್ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಕೇಂದ್ರದ ಕಂಪ್ಯೂಟರಿಗೆ ಸಂಪರ್ಕವಿತ್ತು, ಸಾಲಿನಲ್ಲಿದ್ದ ಎಷ್ಟೋ ಜನರ ಜೇಬಿನಲ್ಲೂ ಸ್ಮಾರ್ಟ್‌ಫೋನ್ ಇತ್ತು. ಹಾಗಿದ್ದೂ ಅವರ ಪಾಡು ಸಿಮೆಂಟಿಗೂ ಸಕ್ಕರೆಗೂ ಪರ್ಮಿಟ್ ಬೇಕಿದ್ದ ಕಾಲದ ಸಾಲಿಗಿಂತ ಮೇಲಾಗಲಿಲ್ಲ. ಬಡ ದೇಶಗಳ ಪ್ರಗತಿಯ ಚರ್ಚೆಯಲ್ಲಿ ನಾವು ಸಾಮಾನ್ಯವಾಗಿ ಎಣಿಸುವುದು ಸಂಪರ್ಕವನ್ನು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ 550 ಕೋಟಿ ಜನ ಇಂಟರ್ನೆಟ್ ಬಳಸುತ್ತಾರೆ, 260 ಕೋಟಿ ಜನ ಇನ್ನೂ ಹೊರಗಿದ್ದಾರೆ. ತೀರಾ ಕಡಿಮೆ ಆದಾಯದ ದೇಶಗಳಲ್ಲಿ ಬಳಸುವವರು ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೆ. ನಮ್ಮಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ದರ ಪಾತಾಳಕ್ಕೆ ಇಳಿದ ಮೇಲೆ ಜನ ಆ ಫೈಬರಿಗೆ ಕಾಯಲೂ ಇಲ್ಲ. ಆದರೆ ಹೇಮಾವತಿಯ ನಾಲೆಯಲ್ಲಿ ನೀರು ಹರಿಯುವುದಕ್ಕೂ ನಾಲೆಯ ಕೊನೆಯ ಗದ್ದೆಗೆ ನೀರು ಹಾಯುವುದಕ್ಕೂ ನಡುವೆ ಎಷ್ಟು ತೂಬು, ಎಷ್ಟು ಜಗಳ ಇರುತ್ತದೆಂದು ಹಾಸನ ಜಿಲ್ಲೆಯ ಹೊಳೆನರಸೀಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ವಾದ ಇಷ್ಟು: ಇಂಟರ್ನೆಟ್ಟು ಬಡವನಿಗೆ ಇರುವ ದಾರಿಯ ಜೊತೆಗೆ ಇನ್ನೊಂದು ದಾರಿ ತೆರೆದ ಕಡೆಯಲ್ಲೆಲ್ಲ ಅವನ ಆದಾಯವೂ ಹೆಚ್ಚಿದೆ, ಮರ್ಯಾದೆಯೂ ಹೆಚ್ಚಿದೆ. ಇದ್ದ ದಾರಿಯನ್ನು ಮುಚ್ಚಿ ತಾನೊಂದೇ ದಾರಿಯಾಗಿ ಕೂತ ಕಡೆಯಲ್ಲಿ ಅದು ಹೊಸ ಕಾವಲುಗಾರನನ್ನು ತಂದು ನಿಲ್ಲಿಸಿದೆ.

ಮೊದಲು ಲಾಭದ ಕಡೆ ನೋಡೋಣ. ಈ ವಿಷಯದ ಅತಿ ಹೆಚ್ಚು ಉಲ್ಲೇಖವಾಗುವ ಅಧ್ಯಯನಗಳಲ್ಲಿ ಒಂದು ನಮ್ಮ ನೆರೆಯದೇ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಆ ಅಧ್ಯಯನ ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡು ಕರಾವಳಿಯ ಬೂತಾಯಿ ಮೀನುಗಾರರದ್ದು. 1997ರಿಂದ 2000ದ ನಡುವೆ ಆ ಮೂರು ಜಿಲ್ಲೆಗಳಿಗೆ ಒಂದಾದ ಮೇಲೊಂದರಂತೆ ಮೊಬೈಲ್ ಸೇವೆ ಬಂತು, ಕಾಸರಗೋಡಿಗೆ ಕೊನೆಗೆ. ಮೊಬೈಲ್ ಬರುವ ಮುಂಚೆ ಮೀನುಗಾರ ತನ್ನೂರಿನ ದಡಕ್ಕೇ ಬರುತ್ತಿದ್ದ. ಅಲ್ಲಿ ಅಂದು ಮೀನು ಸುರಿದಿದ್ದರೆ ತಂದದ್ದನ್ನು ಸಮುದ್ರಕ್ಕೆ ಎಸೆಯುತ್ತಿದ್ದ; ಅದೇ ಹೊತ್ತಿಗೆ ಹದಿನೈದು ಕಿಲೋಮೀಟರ್ ಆಚೆಯ ದಡದಲ್ಲಿ ಕೊಳ್ಳುವವರು ಬರಿಗೈಲಿ ನಿಂತಿರುತ್ತಿದ್ದರು. ಹಿಡಿದ ಮೀನಿನಲ್ಲಿ ಶೇ 5ರಿಂದ 8ರಷ್ಟು ಹೀಗೆ ಹಾಳಾಗುತ್ತಿತ್ತು. ಫೋನ್ ಬಂದ ಮೇಲೆ ದೋಣಿಯಿಂದಲೇ ವಿಚಾರಿಸಿ ಬೆಲೆ ಇರುವ ದಡಕ್ಕೆ ಹೋದರು. ಹಾಳಾಗುವುದು ನಿಂತೇಹೋಯಿತು, ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಅದು ಮಾತಾಡುವ ಫೋನು, ಇಂಟರ್ನೆಟ್ ಅಲ್ಲ, ನಿಜ. ಆದರೆ ಆ ಫಲಿತಾಂಶದಲ್ಲಿ ಜನ ಮರೆಯುವ ಅಂಶ ಬೇರೆಯೇ ಇದೆ. ಮೀನುಗಾರನ ಕೈಯಲ್ಲಿ ದೋಣಿಯಿತ್ತು. ಬೇರೆ ದಡಕ್ಕೆ ಹೋಗಬಲ್ಲವನಿಗೆ ಬೇರೆ ದಡದ ಬೆಲೆ ಗೊತ್ತಾಯಿತು.

ದೋಣಿ ಇಲ್ಲದವನಿಗೆ ಬೆಲೆ ಗೊತ್ತಾದರೆ ಏನಾಗುತ್ತದೆ? ಮಹಾರಾಷ್ಟ್ರದ ರೈತರಿಗೆ ಮಾರುಕಟ್ಟೆ ದರವನ್ನೂ ಹವಾಮಾನವನ್ನೂ ಮೊಬೈಲ್ ಸಂದೇಶದಲ್ಲಿ ಕಳಿಸಿ ನೋಡಿದ ಮಾರ್ಸೆಲ್ ಫಾಶಾಂಪ್ ಮತ್ತು ಬಾರ್ಟ್ ಮಿಂಟನ್ ಅವರ 2012ರ ಅಧ್ಯಯನದಲ್ಲಿ ರೈತರಿಗೆ ಸಿಕ್ಕ ಬೆಲೆಯಲ್ಲಿ ಎಣಿಸುವಂಥ ಬದಲಾವಣೆ ಕಾಣಲಿಲ್ಲ. ಹಳ್ಳಿಮೈಸೂರು, ಅರಕಲಗೂಡು ಸೀಮೆಯ ಶುಂಠಿ ಬೆಳೆಗಾರರಿಗೆ ಇದು ಆಶ್ಚರ್ಯದ ಸಂಗತಿಯಾಗಲಾರದು. 60 ಕಿಲೋ ಮೂಟೆಗೆ ಇವತ್ತು ಎಲ್ಲೆಲ್ಲಿ ಎಷ್ಟು ಎಂಬುದು ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗಾಗುವಷ್ಟರಲ್ಲಿ ಬಂದಿರುತ್ತದೆ. ಆದರೆ ಹೊಲಕ್ಕೇ ಬಂದು ಕೊಳ್ಳುವ ವ್ಯಾಪಾರಿಯಿಂದ ಮುಂಗಡ ತಂದವನಿಗೆ, ಕೀಳಿಸದೆ ಬಿಟ್ಟರೆ ಕೊಳೆರೋಗಕ್ಕೆ ಹೋಗುವ ಬೆಳೆ ಇಟ್ಟುಕೊಂಡವನಿಗೆ ಆ ಮಾಹಿತಿ ಹೊಟ್ಟೆಯುರಿಸುವುದಕ್ಕಷ್ಟೇ ಉಪಯೋಗ. ರಾಮನಾಥಪುರದ ತಂಬಾಕು ಹರಾಜು ಕಟ್ಟೆಯದ್ದೂ ಇದೇ ಪಾಠ. ಹರಾಜು ಯಂತ್ರಕ್ಕೆ ಬಂದಿದೆ, ಕೂಗು ಮತ್ತು ಸನ್ನೆಯ ಆಟ ತಪ್ಪಿದೆ. ಆದರೂ ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಕಂಪನಿಗಳು ಬೆರಳೆಣಿಕೆಯವು. ಬೆಲೆ ಸಾಲದೆಂದು ರೈತರು ಹರಾಜು ನಿಲ್ಲಿಸಿ ಪ್ರತಿಭಟಿಸುವುದು ನಿಂತಿಲ್ಲ. ಇದಕ್ಕೆ ಎದುರಾಗಿ, ಕರ್ನಾಟಕ 2014ರಲ್ಲಿ ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಯೊಳಗೆ ತರಲು ಶುರು ಮಾಡಿದಾಗ ಬೇರೆ ಊರಿನ ವರ್ತಕನೂ ಕೂತಲ್ಲಿಂದಲೇ ಬಿಡ್ ಹಾಕುವ ಅವಕಾಶವಾಯಿತು. ಅದರ ಪರಿಣಾಮ ಅಳೆದ ಸಂಶೋಧಕರು ಭತ್ತ, ಶೇಂಗಾ, ಮೆಕ್ಕೆಜೋಳದ ಬೆಲೆ ಸುಮಾರು ಶೇ 3ರಿಂದ 5ರಷ್ಟು ಏರಿದ್ದನ್ನು ಕಂಡರು. ಎಲ್ಲ ಬೆಳೆಗೂ ಹಾಗಾಗಲಿಲ್ಲ. ಬೆಲೆಯ ಸುದ್ದಿ ರೈತನಿಗೆ ಬರುವುದಕ್ಕಿಂತ ಇನ್ನೊಬ್ಬ ಕೊಳ್ಳುವವನು ಬರುವುದು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ.

ಮಾರುಕಟ್ಟೆಯ ಮಾತು ಇಷ್ಟಾದರೆ, ಹಳ್ಳಿಯವರ ಬದುಕಿನಲ್ಲಿ ಇಂಟರ್ನೆಟ್ ಅತಿ ಹೆಚ್ಚು ಕೈಯಾಡಿಸಿರುವುದು ಸರ್ಕಾರಿ ಕಾಗದದ ವಿಷಯದಲ್ಲಿ. ಇದರಲ್ಲಿ ಕರ್ನಾಟಕ ಇಡೀ ಜಗತ್ತಿಗೆ ಮೇಲ್ಪಂಕ್ತಿ ಹಾಕಿಕೊಟ್ಟ ರಾಜ್ಯ. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ. ಲೆಕ್ಕಿಗರನ್ನು ಹುಡುಕಿಕೊಂಡು ಹೋಗಿ ಕೈಕಟ್ಟಿ ನಿಲ್ಲುವುದು ತಪ್ಪಿತು, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟುಪಾಡು ಬಂತು. ಇದು ಸಣ್ಣ ಸಾಧನೆಯಲ್ಲ. ಅದನ್ನು ಹಗುರ ಮಾಡುವವರು ಅದಕ್ಕಿಂತ ಹಿಂದಿನ ಪಹಣಿ ಪುಸ್ತಕಗಳ ಕಥೆ ಕೇಳಿರಲಾರರು. ಆದರೆ ಅದೇ ವೇಳೆಗೆ ಕೈಬರಹದ ಪಹಣಿ ಅಸಿಂಧುವಾಯಿತು. ಹಳ್ಳಿಮೈಸೂರು ಹೋಬಳಿಯ ಯಾವುದೋ ಹಳ್ಳಿಯಲ್ಲಿ ಸಿಗುತ್ತಿದ್ದ ಕಾಗದಕ್ಕೆ ಹೊಳೆನರಸೀಪುರದವರೆಗೆ ಬಸ್ ಹತ್ತಬೇಕಾಯಿತು. ದಾಖಲೆ ಏರಿಸುವಾಗ ಹೆಸರಿನ ಒಂದಕ್ಷರ, ಸರ್ವೆ ನಂಬರಿನ ಒಂದು ಬಟಾ ತಪ್ಪಿದ್ದರೆ ತಿದ್ದುಪಡಿಗೆ ಮತ್ತೆ ಮತ್ತೆ ಅದೇ ದಾರಿ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ವಿಮರ್ಶೆ ಇನ್ನೂ ಕಟುವಾಗಿತ್ತು: ದಾಖಲೆ ಒಂದೇ ಕಡೆ ಸೇರಿದ್ದರಿಂದ ಸಣ್ಣ ಲಂಚ ದೊಡ್ಡ ಲಂಚವಾಯಿತು, ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅನುಕೂಲವಾಯಿತು ಎಂದು. ಆ ಮಾತನ್ನು ಹಾಸನ ಜಿಲ್ಲೆಗೆ ಹಾಗೆಯೇ ಅನ್ವಯಿಸಲು ನಾನು ಸಿದ್ಧನಿಲ್ಲ. ಆದರೆ ಅವರು ಬೆರಳಿಟ್ಟದ್ದು ಸರಿಯಾದ ಜಾಗಕ್ಕೇ.

ಗಮನಿಸಬೇಕಾದದ್ದು ಮುಂದಿನ ಹೆಜ್ಜೆಗಳನ್ನು. 2006ರ ಆಸುಪಾಸಿಗೆ ಖಾಸಗಿ ಸಹಭಾಗಿತ್ವದಲ್ಲಿ ಹೋಬಳಿ ಮಟ್ಟದ ‘ನೆಮ್ಮದಿ’ ಕೇಂದ್ರಗಳು ಬಂದವು; ಅವು ಮುಚ್ಚಿದ ಮೇಲೆ 2012ರಲ್ಲಿ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರ; ಆಮೇಲೆ ಪಂಚಾಯಿತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರ; 2022ರಿಂದ ಗ್ರಾಮ ಒನ್. ಇವತ್ತು ಪಹಣಿಯನ್ನು ಫೋನಿನಲ್ಲೇ ನೋಡಬಹುದು, ನಾಡಕಚೇರಿಯಲ್ಲಿ ಪಡೆಯಬಹುದು, ಗ್ರಾಮ ಒನ್‌ನಲ್ಲೂ ಪಡೆಯಬಹುದು. ಒಬ್ಬ ಹೆಚ್ಚು ದುಡ್ಡು ಕೇಳಿದರೆ ಇನ್ನೊಬ್ಬನ ಹತ್ತಿರ ಹೋಗಬಹುದು. ಪಹಣಿಗೆ ಲಂಚ ಎಂಬುದು ಇಂದು ಹೆಚ್ಚುಕಡಿಮೆ ಮರೆತ ಮಾತು. ಅದೇ ಪಹಣಿಯ ತಿದ್ದುಪಡಿಗೆ, ಪೋಡಿಗೆ, ಪೌತಿ ಖಾತೆಗೆ ಮಾತ್ರ ಇವತ್ತಿಗೂ ದಾರಿ ಒಂದೇ, ಮೇಜೂ ಒಂದೇ. ಜನ ಇವತ್ತೂ ತಾಲ್ಲೂಕು ಕಚೇರಿಗೆ ಚಪ್ಪಲಿ ಸವೆಸುತ್ತಿರುವುದು ಇವಕ್ಕಾಗಿಯೇ. ಕಂಪ್ಯೂಟರ್ ಎರಡೂ ಕಡೆ ಇದೆ; ಆಯ್ಕೆ ಒಂದೇ ಕಡೆ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೆಂದರೆ, ಹಳೆಯ ದಾರಿಯೇ ಸೋರಿಕೆಯ ದಾರಿ ಎಂಬುದು. ಎರಡನೇ ದಾರಿ ಬಿಟ್ಟರೆ ಕಳ್ಳರು ಅದರಲ್ಲೇ ನುಗ್ಗುತ್ತಾರೆ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಹೊಂದದಿದ್ದರೂ ಅಕ್ಕಿ ಕೊಡಬಹುದು ಎಂದರೆ ಎಲ್ಲರ ಹೆಬ್ಬೆಟ್ಟೂ ಹೊಂದದೇ ಹೋಗುತ್ತದೆ. ಅಧಿಕಾರಿಗಳು ಇದನ್ನು ಹೇಳುವಾಗ ಅವರ ಬೆನ್ನಿಗೆ ದಶಕಗಳ ನಕಲಿ ಕಾರ್ಡುಗಳ ಅನುಭವ ಇರುತ್ತದೆ. ಅದೃಷ್ಟಕ್ಕೆ, ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್ತಂಕರ್ ಎಂಬ ಅದೇ ಮೂವರು ಸಂಶೋಧಕರು ಎರಡು ರಾಜ್ಯಗಳಲ್ಲಿ ದೊಡ್ಡ ಪ್ರಮಾಣದ ಪ್ರಯೋಗ ನಡೆಸಿದ್ದಾರೆ. ಅವಿಭಜಿತ ಆಂಧ್ರಪ್ರದೇಶದ 157 ಮಂಡಲಗಳನ್ನು ಒಳಗೊಂಡ ಪ್ರಯೋಗದಲ್ಲಿ ಉದ್ಯೋಗ ಖಾತ್ರಿ ಕೂಲಿಯನ್ನೂ ಪಿಂಚಣಿಯನ್ನೂ ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಮೂಲಕ ಕೊಡಲಾಯಿತು. ಕೊಡುವವರು ಬಹುಪಾಲು ಅದೇ ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಕಾರ್ಡ್ ಆಗದವರಿಗೆ, ಯಂತ್ರ ಒಪ್ಪದವರಿಗೆ ಹಳೆಯ ರೀತಿಯಲ್ಲೇ ಹಣ ಸಿಗುತ್ತಿತ್ತು. ಕೂಲಿ ಬೇಗ ಬಂತು, ಕಾಯುವ ಹೊತ್ತು ಇಳಿಯಿತು, ಸೋರಿಕೆಯೂ ಗಣನೀಯವಾಗಿ ತಗ್ಗಿತು, ಎರಡನೇ ದಾರಿ ತೆರೆದಿದ್ದಾಗಲೇ. ಜಾರ್ಖಂಡಿನಲ್ಲಿ ಪಡಿತರಕ್ಕೆ ಆಧಾರ್ ಬೆರಳಚ್ಚನ್ನು ಕಡ್ಡಾಯ ಮಾಡಿದಾಗ ಸೋರಿಕೆಯಲ್ಲಿ ಅಳೆಯುವಂಥ ಇಳಿಕೆ ಕಾಣಲಿಲ್ಲ. ಆಧಾರ್ ಜೋಡಣೆಯಾಗದ ಕುಟುಂಬಗಳಿಗೆ ಸಿಗುತ್ತಿದ್ದದ್ದು ಶೇ 10ರಷ್ಟು ಕಡಿಮೆಯಾಯಿತು, ಅವರಲ್ಲಿ ಶೇ 2.8ರಷ್ಟು ಮಂದಿಗೆ ಏನೂ ಸಿಗದೇ ಹೋಯಿತು. ಆಮೇಲೆ ಯಂತ್ರದ ಲೆಕ್ಕ ಹಿಡಿದು ಅಂಗಡಿಗಳಿಗೆ ಕೊಡುವ ಅಕ್ಕಿಯನ್ನು ಬಿಗಿ ಮಾಡಿದಾಗ ಸೋರಿಕೆ ಇಳಿಯಿತು, ಜೊತೆಗೆ ಅರ್ಹರ ಪಾಲೂ ಇಳಿಯಿತು. ಎರಡು ದಾರಿ ಇಟ್ಟರೆ ಖರ್ಚು ಹೆಚ್ಚು ಎಂಬುದು ನಿಜ. ಆ ಖರ್ಚನ್ನು ಉಳಿಸಿದರೆ ಅದು ಬಡವರ ತಟ್ಟೆಯಿಂದ ವಸೂಲಾಗುತ್ತದೆ ಎಂಬುದೂ ಅಷ್ಟೇ ನಿಜ.

ಇನ್ನೊಂದು ಮಾತು ಬೆಂಗಳೂರಿನ ಕಡೆಯಿಂದ ಹೆಚ್ಚು ಕೇಳಿಬರುತ್ತದೆ: ಇವೆಲ್ಲ ಬಾಲಗ್ರಹ, ಐದು ವರ್ಷದಲ್ಲಿ ಎಲ್ಲ ಕಡೆ ಟವರ್ ಬರುತ್ತದೆ, ಆಮೇಲೆ ಈ ಚರ್ಚೆಯೇ ಇರುವುದಿಲ್ಲ ಎಂದು. ಟವರ್ ಬಂದೀತು. ತಂಬಾಕಿನ ಅಂಟಿಗೂ ಗದ್ದೆಯ ಕೆಸರಿಗೂ ಸವೆದ ಬೆರಳಿಗೆ ಗೆರೆ ಬರುವುದಿಲ್ಲ. ಪಹಣಿಯಲ್ಲಿ ‘ಬಿನ್’ ಸಮೇತ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಇರುವುದನ್ನು 5ಜಿ ಸರಿಮಾಡುವುದಿಲ್ಲ. ಮನೆಯ ಫೋನ್ ಯಾರ ಕೈಯಲ್ಲಿದೆ ಎಂಬುದನ್ನಂತೂ ಟವರ್ ತೀರ್ಮಾನಿಸುವುದೇ ಇಲ್ಲ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಂದಾದರೂ ಇಂಟರ್ನೆಟ್ ಬಳಸಿದ್ದೇವೆ ಎಂದ ಹೆಂಗಸರು ದೇಶದಲ್ಲಿ ಶೇ 33, ಗಂಡಸರು ಶೇ 57. ಹಳ್ಳಿಗಾಡಿನ 14ರಿಂದ 18ರ ವಯಸ್ಸಿನ ಮಕ್ಕಳನ್ನು ಕುರಿತ 2023ರ ಅಸರ್ ಶಿಕ್ಷಣ ವರದಿಯಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 43.7 ಮಂದಿಗೆ ಸ್ವಂತ ಫೋನ್ ಇತ್ತು, ಹುಡುಗಿಯರಲ್ಲಿ ಶೇ 19.8. ಹೊಸ ಪೀಳಿಗೆಯ ಕಥೆಯೇ ಹೀಗಿರುವಾಗ, ಅವರ ಅಮ್ಮಂದಿರ ಒಟಿಪಿ ಯಾರ ಫೋನಿಗೆ ಬರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯನ್ನು ಈ ದೃಷ್ಟಿಯಿಂದ ನೋಡುವುದು ಒಳ್ಳೆಯದು, ಏಕೆಂದರೆ ಅದರಲ್ಲಿ ಎರಡೂ ಮುಖಗಳಿವೆ. 2023ರ ಜುಲೈನಲ್ಲಿ ನೋಂದಣಿ ಶುರುವಾದಾಗ ಗ್ರಾಮ ಒನ್, ಬಾಪೂಜಿ ಕೇಂದ್ರಗಳ ಮುಂದೆ ಹೆಂಗಸರ ಸಾಲು, ಒಳಗೆ ಸರ್ವರ್ ಇಲ್ಲ. ಉಚಿತ ನೋಂದಣಿಗೆ ಹಣ ಕೇಳಿದ ಕೆಲವು ಕೇಂದ್ರಗಳ ಲಾಗಿನ್ ರದ್ದಾಯಿತು. ಆದರೂ ಆಗಸ್ಟ್ 30ರಂದು ಮೈಸೂರಿನಲ್ಲಿ ಯೋಜನೆ ಉದ್ಘಾಟನೆಯಾಗುವ ಹೊತ್ತಿಗೆ ಕೋಟಿಗೂ ಮೀರಿದ ಹೆಂಗಸರು ನೋಂದಾಯಿಸಿಕೊಂಡಿದ್ದರು. ಯಾವ ಗುಮಾಸ್ತನ ಕೈಯೂ ತಾಗದೆ ತಿಂಗಳಿಗೆ 2,000 ರೂಪಾಯಿ ಹೆಂಗಸಿನ ಖಾತೆಗೇ ಹೋಗುವುದು ಇಂಟರ್ನೆಟ್ ಇಲ್ಲದ ಕಾಲದಲ್ಲಿ ಊಹೆಗೂ ನಿಲುಕದ ಮಾತು. ಗಂಡನ ಹತ್ತಿರ ಕೇಳಬೇಕಾಗಿಲ್ಲದ ಹಣ ಅದು. ಇಷ್ಟು ದೊಡ್ಡ ಕೆಲಸ ಆದದ್ದು ಹಲವು ಬಗೆಯ ಕೇಂದ್ರಗಳಿದ್ದುದರಿಂದ, ಒಂದೊಂದರಲ್ಲೂ ಎದುರಿಗೆ ಕೂತು ಟೈಪ್ ಮಾಡುವ ಮನುಷ್ಯ ಇದ್ದುದರಿಂದ. ಕಂತು ನಿಂತಾಗ ಏಕೆ ನಿಂತಿತು ಎಂದು ಹೇಳುವವರು ಮಾತ್ರ ಎಲ್ಲೂ ಸಿಗುವುದಿಲ್ಲ. ಅಂಗನವಾಡಿಯವರು ಬ್ಯಾಂಕಿಗೆ, ಬ್ಯಾಂಕಿನವರು ತಾಲ್ಲೂಕಿನ ಇಲಾಖೆಗೆ, ಇಲಾಖೆಯವರು ಮತ್ತೆ ಆಧಾರ್ ಕೇಂದ್ರಕ್ಕೆ ಕಳಿಸುತ್ತಾರೆ. ಹಣ ಕಳಿಸುವ ದಾರಿಯನ್ನು ಕಟ್ಟಿದ ಶ್ರದ್ಧೆಯಲ್ಲಿ ಅರ್ಧದಷ್ಟನ್ನೂ ದೂರು ಕೇಳುವ ದಾರಿಗೆ ಕೊಟ್ಟಿಲ್ಲ.

ಯಂತ್ರದ ಈ ಒಂಟಿದಾರಿ ಕೂಲಿಕಾರರನ್ನೂ ಕೆಳಹಂತದ ನೌಕರರನ್ನೂ ಬಿಟ್ಟಿಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ 2023ರ ಜನವರಿ 1ರಿಂದ ದಿನಕ್ಕೆರಡು ಬಾರಿ ಕೂಲಿಕಾರರ ಫೋಟೊ ಆ್ಯಪ್‌ಗೆ ಏರಿಸುವುದು ಕಡ್ಡಾಯವಾಯಿತು. ಏರದಿದ್ದರೆ ಮಣ್ಣು ಹೊತ್ತದ್ದು ಲೆಕ್ಕಕ್ಕಿಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಕೂತಾಗ ಅವರ ದೂರುಗಳಲ್ಲಿ ಮೊದಲನೆಯದು ಹತ್ತಾರು ಆ್ಯಪ್‌ಗಳ ಹೊರೆ, ಅದಕ್ಕೆ ಬೇಕಾದ ಫೋನು ಲ್ಯಾಪ್‌ಟಾಪುಗಳನ್ನು ಕೊಡದಿರುವುದು. ಒಂದು ಕಾಲಕ್ಕೆ ಊರೇ ಹೆದರುತ್ತಿದ್ದ ಹುದ್ದೆ ಇದು. ಈಗ ಅವರೂ ಸಾಲಿನಲ್ಲಿದ್ದಾರೆ.

ಓದು ಮತ್ತು ನೌಕರಿಯ ಮಾತಿಗೂ ಇದೇ ಅಳತೆ ಹಿಡಿಯಬಹುದು. ಸಮುದ್ರದಡಿಯ ಕೇಬಲ್ ಬಂದ ಮೇಲೆ ಆಫ್ರಿಕಾದ 12 ದೇಶಗಳಲ್ಲಿ ಏನಾಯಿತೆಂದು ಯೋನಾಸ್ ಯೋರ್ಟ್ ಮತ್ತು ಯೋನಾಸ್ ಪೌಲ್ಸನ್ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು: ವೇಗದ ಇಂಟರ್ನೆಟ್ ಸಿಕ್ಕ ಕಡೆ ಉದ್ಯೋಗ ಹೆಚ್ಚಿತು, ಕಡಿಮೆ ಓದಿದವರಿಗೂ ಕೆಲಸ ಸಿಕ್ಕಿತು. ಇದು ತಂತ್ರಜ್ಞಾನದ ಪರವಾದ ಒಳ್ಳೆಯ ಸಾಕ್ಷಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಇಂಥ ಪ್ರಯೋಗಗಳನ್ನು ಮಾಡಿದ ಕೆಂಟಾರೊ ಟೊಯಾಮ ಕಡೆಗೆ ತಲುಪಿದ ತೀರ್ಮಾನವನ್ನೂ ಅದರ ಪಕ್ಕ ಇಡಬೇಕು. ತಂತ್ರಜ್ಞಾನ ಇರುವ ಶಕ್ತಿಯನ್ನೇ ಹಿಗ್ಗಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ ಎಂದು ಅವರು ವಾದಿಸುತ್ತಾರೆ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮಲ್ಲಿ ಇದು ಬೆತ್ತಲೆಯಾಗಿ ಕಂಡಿತು. ಖಾಸಗಿ ಶಾಲೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಇತ್ತು. ಸರ್ಕಾರಿ ಶಾಲೆಯ ಮಕ್ಕಳನ್ನು ತಲುಪಲು ಶಿಕ್ಷಣ ಇಲಾಖೆ ‘ವಿದ್ಯಾಗಮ’ ಎಂದು ಮೇಷ್ಟ್ರುಗಳನ್ನೇ ದೇವಸ್ಥಾನದ ಜಗಲಿಗೆ, ಅರಳೀಕಟ್ಟೆಗೆ ಕಳಿಸಿತು. ಕೊರೊನಾ ಭಯಕ್ಕೆ ಅದು ಅಕ್ಟೋಬರ್‌ನಲ್ಲಿ ನಿಂತದ್ದು ಬೇರೆ ಮಾತು. ಆ ಯೋಚನೆ ಸರಿಯಾದದ್ದೇ: ಫೋನಿದ್ದವರು ಫೋನಿನಲ್ಲಿ, ಇಲ್ಲದವರು ಕಟ್ಟೆಯ ಮೇಲೆ.

ಇಂಟರ್ನೆಟ್ಟನ್ನು ಜನ ತಾವಾಗಿ ಒಪ್ಪಿಕೊಂಡ ದೊಡ್ಡ ಉದಾಹರಣೆ ಯುಪಿಐ. ಹಳ್ಳಿಮೈಸೂರಿನಂಥ ಹೋಬಳಿ ಊರಿನ ಟೀ ಅಂಗಡಿಗೂ ಅದು ಯಾವ ಆದೇಶವೂ ಇಲ್ಲದೆ ಬಂತು. ಬಂದದ್ದೇಕೆಂದರೆ ನೋಟು ಹಾಗೆಯೇ ಉಳಿದಿತ್ತು. ನೆಟ್‌ವರ್ಕ್ ಕೈಕೊಟ್ಟರೆ ಜೇಬಿಗೆ ಕೈ ಹಾಕಬಹುದಿತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಬಿತ್ತು, ಸರ್ಕಾರ ಮಾತುಕತೆಗೆ ಬಂತು. ತೆರಿಗೆಯ ಸರಿತಪ್ಪು ಏನೇ ಇರಲಿ, ಹಿಂದಿರುಗುವ ದಾರಿ ಇದ್ದ ವ್ಯಾಪಾರಿಯ ಮಾತನ್ನು ಸರ್ಕಾರ ಕೇಳಿಸಿಕೊಂಡಿತು. ಕೊಬ್ಬರಿ ನೋಂದಣಿಯ ಸಾಲಿನಲ್ಲಿದ್ದವನಿಗೆ ಅಂಥ ಚೀಟಿ ಅಂಟಿಸುವ ಜಾಗ ಇರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಆ್ಯಪ್ ಅಂತೂ ಬೇಡ. ಕರ್ನಾಟಕದಲ್ಲಿ 2011ರ ‘ಸಕಾಲ’ ಕಾಯ್ದೆ ಇದೆ. ಅರ್ಜಿಗೆ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಆದರೆ ಗಡುವು ಓಡುವುದು ಅರ್ಜಿ ದಾಖಲಾಗಿ ಸಂಖ್ಯೆ ಬಂದ ಮೇಲೆ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ವಾಪಸು ಕಳಿಸಿದ ಮನುಷ್ಯ ಯಾವ ದಾಖಲೆಯಲ್ಲೂ ಬಂದಿರುವುದೇ ಇಲ್ಲ. ಹಾಗಾಗಿ ಕಚೇರಿಯ ಅಂಕಿಅಂಶದಲ್ಲಿ ಎಲ್ಲವೂ ಸಕಾಲಕ್ಕೇ ಆಗಿರುತ್ತದೆ. ಹೆಬ್ಬೆಟ್ಟು ಹೊಂದದೆ, ಹೆಸರು ತಾಳೆಯಾಗದೆ, ಸರ್ವರ್ ಇಲ್ಲದೆ ಕೆಲಸವಾಗದಿದ್ದರೆ ಕಾರಣ, ದಿನಾಂಕ, ಸಮಯ ಬರೆದು ಸಹಿ ಹಾಕಿದ ಹಿಂಬರಹವನ್ನು ಅಲ್ಲೇ ಕೊಡಬೇಕು, ಸಕಾಲದ ಗಡುವು ಆ ಹಿಂಬರಹದ ದಿನದಿಂದಲೇ ಓಡಬೇಕು, ಅದನ್ನು ತೋರಿಸಿದವರಿಗೆ ಆ ತಿಂಗಳ ಅಕ್ಕಿಯಾಗಲಿ ಕೂಲಿಯಾಗಲಿ ಕಾಗದದ ಮೇಲೆಯೇ ಸಿಗಬೇಕು. ಸರ್ಕಾರ ಈ ನಿಯಮ ಮಾಡುವವರೆಗೂ ಓದುಗರು ಕಾಯಬೇಕಾಗಿಲ್ಲ. ಮುಂದಿನ ಸಲ ನಾಡಕಚೇರಿಯಲ್ಲೋ ನೋಂದಣಿ ಕೇಂದ್ರದಲ್ಲೋ ಸರ್ವರ್ ಇಲ್ಲ ಎಂದಾಗ ಸುಮ್ಮನೆ ಬಸ್ ಹತ್ತಬೇಡಿ. ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಕೊಟ್ಟು, ಲಿಖಿತ ಹಿಂಬರಹ ಕೇಳಿ.